ಓರೆ ತಿರುವಿನಲ್ಲಿ ಜಿಯಾಉದ್ದೀನ್ ಸಾಬರು

ಆಲ್ದೂರಿನಿಂದ ಕಳಸಕ್ಕೆ ಬಸ್ಸು ಓಡಿಸುತ್ತಿದ್ದ ಜಿಯಾಉದ್ದೀನ್ ಸಾಬರಷ್ಟು ನಿಧಾನದ ಡ್ರೈವರ್ ಆ ಕಾಲದ ಕಾಫಿ ಸೀಮೆಯಲ್ಲಿ ಇನ್ನೊಬ್ಬರಿರಲಿಲ್ಲ. ಬಸ್ಸೂ ಅವರದೇ, ಓಡಿಸುವವರೂ ಅವರೇ. ತಿರುವು ಬಂತೆಂದರೆ ಹಾರನ್ ಒತ್ತಿ, ಗೇರು ಇಳಿಸಿ, ದೇವರ ಹೆಸರು ಹೇಳಿ, ಆಮೇಲೆ ಸ್ಟೇರಿಂಗ್ ತಿರುಗಿಸುತ್ತಿದ್ದರು. ಆ ದಾರಿಯಲ್ಲೋ ತಿರುವು ಬಿಟ್ಟರೆ ಬೇರೇನೂ ಇಲ್ಲ. ಏರಿನ ಬುಡದಲ್ಲಿ ಇಳಿದ ಜನ ಕಾಲುದಾರಿ ಹಿಡಿದು ಮೇಲೆ ಹೋಗಿ, ಕೂತು ಬೀಡಿ ಸೇದಿ, ಅದೇ ಬಸ್ಸನ್ನು ಮತ್ತೆ ಹತ್ತುತ್ತಿದ್ದರು. ಯಾರು ಎಷ್ಟು ನಕ್ಕರೂ ಸಾಬರದು ಒಂದೇ ಮಾತು: "ನನ್ನ ಬಸ್ಸು ಇವತ್ತಿನವರೆಗೆ ಚರಂಡಿ ಕಂಡಿಲ್ಲ ಮಾರಾಯ." ಅದು ನಿಜವೂ ಆಗಿತ್ತು.

ಆದರೆ ಊರವರ ನಗು ಬೇರೆ, ಮನೆಯ ಸಂಗತಿ ಬೇರೆ. ಹೆಂಡತಿ ಹಮೀದುನ್ನೀಸಾ ಕಳಸದ ತವರಿಗೆ ಹೊರಟರೆ ಗಂಡನ ಬಸ್ಸನ್ನು ಬಿಟ್ಟು ಲಿಂಗಪ್ಪನ ಬಸ್ಸು ಹತ್ತುತ್ತಿದ್ದಳು. ಲಿಂಗಪ್ಪ ಅದೇ ದಾರಿಯಲ್ಲಿ ದೂಳೆಬ್ಬಿಸಿಕೊಂಡು ಓಡುವ ಆಸಾಮಿ. ಒಂದು ದಿನ ಸಾಬರು ತಡೆಯಲಾರದೆ ಕೇಳಿಯೇಬಿಟ್ಟರು. ಅವಳೂ ಮುಚ್ಚುಮರೆ ಇಲ್ಲದೆ ಹೇಳಿದಳು: "ನಿಧಾನ ಅಂತ ಅಲ್ಲ. ನೀವು ಪುಕ್ಕಲು ಅಂತ ನಮ್ಮಣ್ಣಂದಿರು ನಗ್ತಾರೆ. ಹೌದೋ ಅಲ್ವೋ ನನಗೂ ಗೊತ್ತಿಲ್ಲ. ನಿಮ್ಮ ಪಕ್ಕ ಕೂತು ಅದನ್ನೇ ಯೋಚನೆ ಮಾಡ್ತಾ ಹೋಗೋದು ನನಗೆ ಬೇಡ."

ಸಾಬರಿಗೆ ಊಟ ಸೇರಲಿಲ್ಲ. ಅಲ್ಲ ಎಂದು ಎದೆ ತಟ್ಟಿ ಹೇಳೋಣವೆಂದರೆ, ನಿಜ ಏನೆಂದು ಅವರಿಗೂ ಗೊತ್ತಿರಲಿಲ್ಲ.

ಇಸವಿ ಮೂವತ್ತೇಳರ ಬೇಸಿಗೆಯಲ್ಲಿ ಗೋಣಿಬೀಡಿನ ಹತ್ತಿರದ ಎಸ್ಟೇಟ್ ಸಾಹುಕಾರ ಮಲ್ಲಿಕಾರ್ಜುನಪ್ಪನವರಿಗೆ ರೇಸಿನ ಹುಚ್ಚು ಹತ್ತಿತು. ಅವರು ಬಿಳಿಯರ ಸೀಮೆಗೆ ಹೋಗಿ ಬಂದವರು. ಅಲ್ಲಿ ಕಾರು ಓಡಿಸುವುದಕ್ಕೆಂದೇ ಮಾಡಿದ ದಾರಿ ಕಂಡಿದ್ದರು. ತಿರುವಿನ ಹೊರಅಂಚನ್ನು ಎತ್ತರಿಸಿ ದಾರಿಯನ್ನು ಬಾಣಲೆಯ ಬದಿಯ ಹಾಗೆ ಓರೆ ಮಾಡಿರುತ್ತಾರಂತೆ, ಹಾಗಿದ್ದರೆ ಎಷ್ಟು ಜೋರಾಗಿ ಬಂದರೂ ಕಾರು ಹೊರಗೆ ಹಾರುವುದಿಲ್ಲವಂತೆ. ಕಾಫಿ ಕುಯ್ಲು ಮುಗಿದು ಆಳುಗಳ ಕೈ ಖಾಲಿಯಾಗಿತ್ತು. ಮನೆ ಮುಂದಿನ ಹುಲ್ಲುಬಯಲಿನಲ್ಲಿ ಮೊಟ್ಟೆಯಾಕಾರದ ದಾರಿ ಎದ್ದಿತು, ಎರಡು ತುದಿಗೂ ಆಳೆತ್ತರದ ಓರೆ ತಿರುವು. ಕೆಲಸ ಮಾಡಿಸಿದವನು ಮಾರಯ್ಯ ಮೇಸ್ತ್ರಿ.

ರೇಸಿನ ದಿನ ಎರಡೂ ಬಸ್ಸು ಜನರನ್ನು ತುಂಬಿಕೊಂಡು ಬಂದವು. ಹಮೀದುನ್ನೀಸಾ ನಾದಿನಿಯರ ಜೊತೆ ಲಿಂಗಪ್ಪನ ಬಸ್ಸಿನಲ್ಲೇ ಬಂದು, ಇಳಿಯದೆ ಅದರ ಕಿಟಕಿ ಪರದೆಯ ಹಿಂದೆ ಕೂತಿದ್ದಳು. ಕಾರುಗಳು ಮೂರೇ. ಒಂದು ಸಾಹುಕಾರರದು, ಇನ್ನೊಂದು ಕಳಸದ ಅಡಿಕೆ ಬೆಳೆಗಾರ ವಿಷ್ಣುಮೂರ್ತಿಯವರದು. ಮೂರನೆಯದೂ ಸಾಹುಕಾರರದೇ, ಅದರ ಡ್ರೈವರ್ ಚಳಿಜ್ವರದಲ್ಲಿ ಕಂಬಳಿ ಹೊದ್ದು ಮಲಗಿದ್ದ.

"ಸಾಬ್ರೆ, ನೀವೇ ಕೂತ್ಕೊಳಿ" ಅಂದರು ಸಾಹುಕಾರರು.

ಸಾಬರು ಬೇಡ ಎನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಲಿಂಗಪ್ಪ ಬಾಯಿ ಹಾಕಿದ. "ಸಾಬ್ರು ಕೂತ್ರೆ ನಾವೆಲ್ಲ ಇಲ್ಲೇ ಬಿಡಾರ ಹೂಡ್ಬೇಕಾಗುತ್ತೆ ಸಾಹುಕಾರ್ರೆ." ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಬರು ಪರದೆಯ ಕಡೆ ಒಮ್ಮೆ ನೋಡಿ, ಟೋಪಿ ಬಿಗಿ ಮಾಡಿಕೊಂಡು ಕಾರು ಹತ್ತಿದರು.

ಮಾರಯ್ಯ ಸೀಟಿ ಊದಿದ್ದೇ ತಡ, ಮಳೆ ಶುರುವಾಯಿತು. ಅದೂ ಸುಮ್ಮನೆ ಹನಿಯುವ ಮಳೆಯಲ್ಲ, ಆನೆಕಲ್ಲು ಬೀಳುವ ಬೇಸಿಗೆ ಮಳೆ. ಮುಂದಿನ ಎರಡು ಕಾರುಗಳು ಬುರ್ರೆಂದು ಹೋದವು. ಸಾಬರು ಅಭ್ಯಾಸ ಬಿಡದೆ ಹಾರನ್ ಒತ್ತಿ ಹಿಂದೆ ಹೊರಟರು. ಓರೆ ತಿರುವಿನಲ್ಲಿ ಕೆಂಪು ನೀರು ಮೇಲಂಚಿನಿಂದ ಒಳಗಿನ ಬುಡಕ್ಕೆ ಇಳಿಯುತ್ತಿತ್ತು. ಅದನ್ನು ಕಂಡು ಸಾಹುಕಾರರು ಬ್ರೇಕು ಒತ್ತಿದರು. ಕಾರು ನಿಲ್ಲುವ ಬದಲು ಅಡ್ಡಡ್ಡಲಾಗಿ ಕೆಳಗೆ ಜಾರಿ, ತಿರುವಿನ ಬುಡದಲ್ಲಿ ಗುಳಕ್ಕನೆ ಮೂಗು ಮುಳುಗಿಸಿ ಕೂತಿತು. ಅವರನ್ನು ತಪ್ಪಿಸಲು ವಿಷ್ಣುಮೂರ್ತಿಯವರೂ ಬ್ರೇಕು ಒತ್ತಿದರು, ಅವರೂ ಜಾರಿ ಪಕ್ಕದಲ್ಲೇ ಕೂತರು.

ಅಲ್ಲಿದ್ದದ್ದು ತೊಟ್ಟಿಲುಗುಂಡಿ. ಮಾರಯ್ಯನ ಜೀವಮಾನದಲ್ಲಿ ಇಳಿಜಾರು ಎಂದರೆ ಕಾಫಿ ತೋಟ, ಕಾಫಿ ತೋಟ ಎಂದರೆ ಮಳೆಗೆ ಮಣ್ಣು ಕೊಚ್ಚಿಹೋಗದಂತೆ ಸಾಲಾಗಿ ಉದ್ದುದ್ದ ಗುಂಡಿ. ಯಾರೂ ಹೇಳದಿದ್ದರೂ ತಿರುವಿನ ಬುಡದುದ್ದಕ್ಕೂ ತೋಡಿಸಿ, ಪದ್ಧತಿಯಂತೆ ತರಗೆಲೆ ತುಂಬಿಸಿದ್ದ. ಬಿಸಿಲಿನಲ್ಲಿ ಅದು ಗುಂಡಿಯೆಂದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಈಗ ಸಾಬರ ಸರದಿ. ಅವರದು ಎತ್ತಿನಗಾಡಿಯ ವೇಗ, ಓರೆಯ ಮೇಲೆ ಹತ್ತಿದ ಕಾರು ಆಗಲೇ ಕೆಳಕ್ಕೆ ಜಾರತೊಡಗಿತ್ತು. ಬ್ರೇಕು ಮುಟ್ಟಿದರು, ಇನ್ನೂ ಜಾರಿತು. ಜನ್ಮದಲ್ಲೇ ಚರಂಡಿ ಕಾಣದವರ ಎದುರಿಗೆ, ಹೆಂಡತಿ ನೋಡುತ್ತಿರುವಾಗಲೇ, ಗುಂಡಿ ಬಾಯಿ ತೆರೆದುಕೊಂಡು ಕೂತಿತ್ತು. ಭಯದಲ್ಲಿ ಅವರ ಕಾಲು ಸೆಟೆದುಕೊಂಡಿತು. ಸೆಟೆದುಕೊಂಡದ್ದು ಆಕ್ಸಿಲರೇಟರಿನ ಮೇಲೆ.

ಕಾರು ಕೂಗಿಕೊಂಡು ಮುಂದೆ ನೆಗೆಯಿತು, ಜಾರುವುದು ನಿಂತಿತು. ವೇಗ ಏರಿದಂತೆ ಅದು ತಾನಾಗಿ ಓರೆಯ ನಡುವಿಗೆ ಹತ್ತಿ, ಅಲ್ಲೇ ಅಂಟಿಕೊಂಡಂತೆ ತಿರುವು ದಾಟಿತು. ಸಾಬರ ಮೈ ಸೀಟಿಗೆ ಒತ್ತಿಕೊಂಡಿತ್ತು, ಪ್ರಪಂಚವೆಲ್ಲ ಒಂದು ಕಡೆಗೆ ವಾಲಿತ್ತು. ನೇರ ದಾರಿಗೆ ಬಂದಾಗ ಅವರಿಗೆ ಮೊದಲು ಹೊಳೆದದ್ದು, ತಾನು ಬದುಕಿದ್ದೇನೆ ಎಂದು. ಎರಡನೆಯದು, ಹೊಟ್ಟೆಯೊಳಗೆ ಏನೋ ಕಚಗುಳಿ ಇಡುತ್ತಿದೆ ಎಂದು.

ಎರಡನೇ ತುದಿಯಲ್ಲಿ ಹುಮ್ಮಸ್ಸು ಹೆಚ್ಚಾಗಿ, ಕಾರು ಮೇಲಂಚಿನವರೆಗೆ ಏರಿ ಹೊರಗಿನ ಬೇಲಿಯನ್ನು ಇಣುಕಿ ನೋಡಿತು. ಸಾಬರು ಕಾಲು ಸ್ವಲ್ಪ ಸಡಿಲಿಸಿದರು, ಇಳಿಯಿತು. ಹೆಚ್ಚು ಸಡಿಲಿಸಿದರೆ ಗುಂಡಿ, ಹೆಚ್ಚು ಒತ್ತಿದರೆ ಬೇಲಿ, ನಡುವೆ ಒಂದು ಹದ. ಆ ಹದ ಸಿಕ್ಕಿದಾಗ ಒದ್ದೆ ಮಣ್ಣೂ ಒಣ ಮಣ್ಣೂ ಒಂದೇ, ಸ್ಟೇರಿಂಗ್ ಬೆಣ್ಣೆಯ ಹಾಗೆ ಹಗುರ. ಆಮೇಲೆ ಅವರು ಸುತ್ತಿದರು, ಸುತ್ತಿದರು. ರೇಸು ಮುಗಿಯಿತೆಂದು ಮಾರಯ್ಯ ಸೀಟಿ ಊದಿ ಊದಿ ಸುಸ್ತಾದ. ನೇರ ದಾರಿಯಲ್ಲಿ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಟೋಪಿ ಹಾರಿಹೋಯಿತು. ಗುಂಡಿಯಲ್ಲಿ ಕೂತಿದ್ದ ಸಾಹುಕಾರರಿಗೆ ಪ್ರತಿ ಸುತ್ತಿನಲ್ಲೂ ಕೈಯೆತ್ತಿ ಸಲಾಂ ಮಾಡಿ ಹೋಗುತ್ತಿದ್ದರು. ಲಿಂಗಪ್ಪ ತೆರೆದ ಬಾಯಿಗೆ ಮಳೆನೀರು ಹೋಗುವುದೂ ತಿಳಿಯದೆ ನಿಂತಿದ್ದ.

ಕೊನೆಗೆ ಇಳಿದಾಗ ಕಾಲಿನ ಕೆಳಗಿನ ನೆಲ ತಿರುಗುತ್ತಲೇ ಇತ್ತು. ನಗು ತಡೆಯಲಾರದೆ ಬೇಲಿಗೂಟ ತಬ್ಬಿಕೊಂಡು ನಿಂತರು. ಅತ್ತ ಸಾಹುಕಾರರು ಕೆಸರು ಒರೆಸಿಕೊಳ್ಳುತ್ತ, ಇಲ್ಲಿ ಗುಂಡಿ ಯಾಕೆ ತೋಡಿಸಿದೆ ಎಂದು ಮಾರಯ್ಯನನ್ನು ಕೇಳುತ್ತಿದ್ದರು. "ಇಳಿಜಾರಲ್ವಾ ಸಾಹುಕಾರ್ರೆ, ಮಣ್ಣು ಹೋದ್ರೆ ನೀವೇ ಬೈತೀರಿ" ಅಂದ ಅವನು.

ಆಗ ಲಿಂಗಪ್ಪನ ಬಸ್ಸಿನಿಂದ ಬುರ್ಖಾ ತೊಟ್ಟ ಹೆಂಗಸೊಬ್ಬಳು ಇಳಿದಳು. ಕೆಸರು ತುಳಿದುಕೊಂಡು, ಅಷ್ಟು ಜನರ ಮುಂದೆ ನಡೆದು, ಸಾಬರ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಗೂಟ ಹಿಡಿದುಕೊಂಡಿದ್ದ ಸಾಬರ ಕಣ್ಣು ತುಂಬಿ ಬಂತು. ತಲೆ ತಿರುಗುವುದು ನಿಲ್ಲುವವರೆಗೆ ಕಾದು, ಬಸ್ಸಿಗೆ ಹೋದರು.

ಹಿಂದಿನ ಸೀಟುಗಳು ತುಂಬಿದವು, ಬಸ್ಸು ಹೊರಟಿತು. ಗೋಣಿಬೀಡು ದಾಟಿದ ಮೇಲೆ ಮೊದಲ ತಿರುವು ಬಂತು. ಸಾಬರ ಕಾಲು ಆಕ್ಸಿಲರೇಟರಿನ ಮೇಲೆ ಒಂದು ಕ್ಷಣ ಆಸೆಪಟ್ಟಿತು. ಆದರೆ ಇದು ಸಪಾಟು ದಾರಿ, ತಡೆಹಿಡಿಯಲು ಓರೆಯಿಲ್ಲ, ಮಳೆ ಬೇರೆ. ಹಾರನ್ ಒತ್ತಿ, ಗೇರು ಇಳಿಸಿದರು. ಪಕ್ಕಕ್ಕೆ ನೋಡಲು ಧೈರ್ಯವಾಗದೆ, "ಇಲ್ಲಿ ಜೋರು ಹೋದ್ರೆ ತೋಟದೊಳಗೆ ಇರ್ತೀವಿ" ಅಂದರು.

"ನಿಧಾನಕ್ಕೇ ಹೋಗಿ" ಅಂದಳು ಹಮೀದುನ್ನೀಸಾ. "ಇನ್ನು ಯೋಚನೆ ಮಾಡೋಕೆ ನನಗೆ ಏನೂ ಉಳಿದಿಲ್ಲ."