ನೀರು ನೋಡಲು ಹೋಗುತ್ತಿದ್ದ ಅಮ್ಮ

ಮೊನ್ನೆ ಮಗಳ ಶಾಲೆಯಲ್ಲಿ ಪ್ರಯೋಗಾಲಯದ ಬಾಗಿಲು ದಾಟುವಾಗ ಸತ್ತ ಜೀವಿಗಳು ಕೆಡದಂತೆ ಹಾಕುವ ಫಾರ್ಮಲಿನ್ ವಾಸನೆ ಮೂಗಿಗೆ ಬಡಿದು, ನಿಂತಲ್ಲೇ ನಿಂತುಬಿಟ್ಟೆ. ಉಳಿದವರು ಮೂಗು ಮುಚ್ಚಿಕೊಂಡರು. ನನಗೆ ಅದು ಬಟವಾಡಿಯ ನಮ್ಮ ಬಾಡಿಗೆ ಮನೆಯ ಅಡುಗೆಮನೆಯ ವಾಸನೆ. ಅಮ್ಮ ತುಮಕೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದಳು. ನಾನು ಹುಟ್ಟಿ ಎಷ್ಟೋ ವರ್ಷಗಳ ಮೇಲೆ ಪಿಎಚ್‌.ಡಿ.ಗೆ ಸೇರಿ, ತುಮಕೂರು, ಕುಣಿಗಲ್ ಮತ್ತು ಗುಬ್ಬಿ ಕಡೆಯ ಮೂರು ಕೆರೆಗಳ ನೀರು ಕಾಲಕಾಲಕ್ಕೆ ಹೇಗೆ ಬದಲಾಗುತ್ತದೆ, ಅದರಲ್ಲಿ ತೇಲುವ ಸಾಸಿವೆಗಿಂತ ಸಣ್ಣ ಜೀವಿಗಳು ಯಾವಾಗ ಹೆಚ್ಚುತ್ತವೆ, ಯಾವಾಗ ಇಲ್ಲವಾಗುತ್ತವೆ ಎಂದು ತಿಂಗಳು ತಿಂಗಳೂ ನೋಡುತ್ತಿದ್ದಳು. ಸೀಸೆಗಳಿಗೆ ಮನೆಯಲ್ಲಿ ಬೇರೆ ಜಾಗವಿರಲಿಲ್ಲ. "ಉಪ್ಪಿನಕಾಯಿ ಜಾಡಿ ಪಕ್ಕ ಹುಳದ ಸೀಸೆ ಮಡಗಿದ್ದೀಯಲ್ಲೇ, ಹೇಸಿಗೆ ಆಗಲ್ವಾ ನಿಂಗೆ?" ಎಂದು ಗೂಳೂರಿನಿಂದ ಬಂದು ನಮ್ಮ ಜೊತೆಗಿದ್ದ ಅಜ್ಜಿ, ಅಪ್ಪನ ತಾಯಿ, ದಿನಕ್ಕೊಮ್ಮೆಯಾದರೂ ಬೈಯುತ್ತಿದ್ದಳು.

ಅಪ್ಪ ಹಿರೇಹಳ್ಳಿಯ ಕಾರ್ಖಾನೆಗೆ ಶಿಫ್ಟಿಗೆ ಹೋದ ಭಾನುವಾರಗಳಲ್ಲಿ ಅಮ್ಮ ನನ್ನನ್ನೂ ಮೊದಲ ಬಸ್ಸಿಗೆ ಹತ್ತಿಸಿಕೊಳ್ಳುತ್ತಿದ್ದಳು. ಗುಬ್ಬಿ ಕಡೆಯ ಆ ಸಣ್ಣ ಕೆರೆಯಲ್ಲಿ ಮೀನು ಸಾಕುತ್ತಿದ್ದವನು ಗಂಗಪ್ಪ. ಅವನ ತೆಪ್ಪದಲ್ಲಿ ನಾವು ಕೆರೆಯ ನಡುವಿಗೆ ಹೋಗುತ್ತಿದ್ದೆವು. ಅಮ್ಮ ಸಣ್ಣ ಕಣ್ಣಿನ ಬಟ್ಟೆಯ ಬಲೆಯನ್ನು ನೀರಿನಲ್ಲಿ ಎಳೆದು ಸೀಸೆಗೆ ಸುರಿದುಕೊಳ್ಳುವಳು. ಮಳೆಗಾಲದ ಕೆಂಪು ನೀರಿನಲ್ಲಿ ಏನೂ ಕಾಣುತ್ತಿರಲಿಲ್ಲ. ಚಳಿಗಾಲದ ತಿಳಿನೀರಿನಲ್ಲಿ ನೀರುಚಿಗಟವೆಂಬ ಆ ಸಣ್ಣ ಜೀವಿಗಳು ಕುಪ್ಪಳಿಸುವುದು ಬರಿಗಣ್ಣಿಗೇ ಕಾಣುತ್ತಿತ್ತು. ಇನ್ನೊಂದು ಸೀಸೆಯ ನೀರಿನಲ್ಲಿ ಆಮ್ಲಜನಕ ಎಷ್ಟಿದೆಯೆಂದು ನೋಡಲು ಅಮ್ಮ ಎರಡು ದ್ರಾವಣಗಳ ಹನಿ ಬಿಟ್ಟರೆ ತಳದಲ್ಲಿ ಕಂದು ಗಷ್ಟು ಇಳಿಯುತ್ತಿತ್ತು. "ಕಂದು ಗಟ್ಟಿಯಾಗಿದ್ರೆ ಕೆರೆ ಚೆನ್ನಾಗಿ ಉಸಿರಾಡ್ತಿದೆ ಅಂತ ಕಣೇ," ಎನ್ನುತ್ತಿದ್ದಳು. ಗಂಗಪ್ಪನೂ ಬಗ್ಗಿ ನೋಡಿ ನಗುತ್ತಿದ್ದ.

ಎರಡನೆಯ ವರ್ಷ ಮಳೆ ಕೈಕೊಟ್ಟಿತು. ಶಿವರಾತ್ರಿ ಹೊತ್ತಿಗೆ ನೀರು ಹಸಿರುಗಟ್ಟಿ, ಬಲೆಗೆ ಅಂಟಿಕೊಳ್ಳುವಷ್ಟು ಮಂದವಾಗಿತ್ತು. ಸೀಸೆಯ ಕಂದು ತೆಳ್ಳಗಾಗಿ ಟೀ ಲೋಟ ತೊಳೆದ ನೀರಿನ ಹಾಗಿತ್ತು. ಆ ಸಂಜೆ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ ಅಮ್ಮ, ಒಂದೂ ನೀರುಚಿಗಟ ಕಾಣದೆ, ಕೆರೆಗೆ ಉಸಿರು ಕಟ್ಟುತ್ತಿದೆಯೇನೋ ಎಂದು ಗೊಣಗಿದಳು. ಆದರೆ ಅವಳು ಎರಡೆರಡು ಸಲ ನೋಡದೆ ಯಾವುದನ್ನೂ ಹೇಳುವವಳಲ್ಲ. ಮುಂದಿನ ತಿಂಗಳ ನೀರನ್ನೂ ನೋಡೋಣ ಎಂದುಕೊಂಡಳು. ಮೀನು ಇನ್ನಷ್ಟು ದಪ್ಪವಾಗಲಿ, ಯುಗಾದಿ ಕಳೆದ ಮೇಲೆ ಹಿಡಿಯೋಣ ಎಂದು ಗಂಗಪ್ಪನೂ ಕಾಯುತ್ತಿದ್ದ.

ಮುಂದಿನ ತಿಂಗಳು ನಾವು ಬಸ್ಸಿಳಿಯುವ ಮೊದಲೇ ನಾತ ಬಂತು. ದಡದುದ್ದಕ್ಕೂ ಮೀನುಗಳು ಬೆಳ್ಳಗೆ ಹೊಟ್ಟೆ ಮೇಲಾಗಿ ಬಿದ್ದಿದ್ದವು. ಗಂಗಪ್ಪ ಏರಿಯ ಕೆಳಗೆ ಗುಂಡಿ ತೋಡುತ್ತಿದ್ದ. ಅಮ್ಮನನ್ನು ಕಂಡು ಗುದ್ದಲಿ ನಿಲ್ಲಿಸಿದ.

"ಮೇಡಮ್ಮೋರೆ, ಇದು ನಿಮ್ಗೆ ಮೊದ್ಲೇ ಗೊತ್ತಿತ್ತಾ?"

"ಅನುಮಾನ ಇತ್ತು ಗಂಗಪ್ಪ. ಇನ್ನೊಂದ್ಸಲ ನೋಡಿ ಹೇಳೋಣ ಅಂದ್ಕೊಂಡೆ."

"ಒಂದ್ ಮಾತ್ ಅಂದಿದ್ರೆ ಆಗ್ತಿತ್ತಲ್ಲವ್ವಾ. ಬಲೆ ಬುಟ್ಟು ಇದ್ದಷ್ಟು ಹಿಡ್ಕೊಂಬುಡ್ತಿದ್ವಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅಮ್ಮನಿಗೆ ತಡೆಯಲಾಗಲಿಲ್ಲವೇನೋ. ಬ್ಯಾಗನ್ನು ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ, ಮಧ್ಯಾಹ್ನದವರೆಗೆ ಸತ್ತ ಮೀನುಗಳನ್ನು ಮಣ್ಣು ಹೊರುವ ಬಾಂಡಲಿಯಲ್ಲಿ ತುಂಬಿ ಗುಂಡಿಗೆ ಸುರಿದಳು. ಅವತ್ತು ಒಂದು ಸೀಸೆಯನ್ನೂ ತುಂಬಲಿಲ್ಲ. ಬಸ್ಸಿನಲ್ಲಿ ಜನ ನಮ್ಮಿಂದ ದೂರ ಸರಿದು ಕುಳಿತರು. ಮನೆಯಲ್ಲಿ ಅಜ್ಜಿ ಸೀದಾ ಬಚ್ಚಲಿಗೆ ಕರೆದೊಯ್ದು, ಚಿಕ್ಕ ಮಗುವಿಗೆ ಎರೆಯುವ ಹಾಗೆ ಅಮ್ಮನ ತಲೆಯ ಮೇಲೆ ಬಿಸಿನೀರು ಹೊಯ್ದಳು. ಬಾಗಿಲಾಚೆ ನಿಂತ ನನಗೆ ನೀರಿನ ಸದ್ದಿನ ನಡುವೆ ಅಮ್ಮ ಅಳುವುದು ಕೇಳಿಸಿತು.

ಪಿಎಚ್‌.ಡಿ. ಅಲ್ಲಿಗೆ ನಿಂತಿತು. ಅವಳ ಪ್ರೊಫೆಸರ್ ಎಷ್ಟು ಹೇಳಿಕಳಿಸಿದರೂ ಹೋಗಲಿಲ್ಲ. ಆದರೆ ಪ್ರತಿ ಬೇಸಿಗೆಯಲ್ಲೂ ಭಾನುವಾರ ಆ ಕೆರೆಗೆ ಹೋಗುವುದನ್ನು ಬಿಡಲಿಲ್ಲ. ಗಂಗಪ್ಪ ಮತ್ತೆ ತೆಪ್ಪಕ್ಕೆ ಕರೆಯಲಿಲ್ಲ; ದಡದಿಂದಲೇ ನೀರು ತುಂಬಿಕೊಂಡು, ಕಂಡದ್ದನ್ನು ಅಲ್ಲೇ ಅವನಿಗೆ ಹೇಳಿ ಬರುವಳು. ಅವಳು ಕಾಯುವುದು ಬೇಡವೆಂದ ಬೇಸಿಗೆಯಲ್ಲಿ ಅವನು ಬೇಗನೆ ಬಲೆ ಬಿಡುತ್ತಿದ್ದ. ಹೀಗೆ ವರ್ಷಗಳು ಹೋದವು. ಅಜ್ಜಿ ತೀರಿಕೊಂಡಳು, ನಾವು ಬಟವಾಡಿಯ ಮನೆ ಬಿಟ್ಟೆವು. ಅದನ್ನು ಕೆಡವಿ ಈಗ ಕ್ಲಿನಿಕ್ ಕಟ್ಟಿದ್ದಾರೆ. ನಿಮ್ಮ ಮನೆಯೂ ಹಾಗೆಯೇ ಯಾವುದೋ ಬೋರ್ಡಿನ ಹಿಂದೆ ಕರಗಿಹೋಗಿದ್ದರೆ, ಅದರ ಮುಂದೆ ಆಟೋದಲ್ಲಿ ಹೋಗುವಾಗ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ.

ಗಂಗಪ್ಪ ತೀರಿಹೋದದ್ದು ನಾನು ಕಾಲೇಜಿನಲ್ಲಿದ್ದಾಗ. ಆಮೇಲೆ ಆ ಕೆರೆಗೆ ಯಾರೂ ಮೀನು ಬಿಡಲಿಲ್ಲ. ಅದು ಗೊತ್ತಿದ್ದೂ ಅಮ್ಮ ಆ ಬೇಸಿಗೆ ಒಮ್ಮೆ ನನ್ನನ್ನು ಕರೆದುಕೊಂಡು ಹೋದಳು. ಎಂದಿನಂತೆ ನೀರು ತುಂಬಿಕೊಂಡು, ಹನಿ ಬಿಟ್ಟು, ಬಿಸಿಲಿಗೆ ಹಿಡಿದು ನೋಡಿದಳು. ಏರಿಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ.

"ಈ ಸಲ ಚೆನ್ನಾಗೇ ಇದೆ ಕಣೇ," ಎಂದಳು. "ಯಾರಿಗ್ ಹೇಳ್ಲಿ?"