ಎರಡು ಸೆಕೆಂಡು ಯಾಕೆ ಕಾಯಬೇಕು

ನೋಡ್ರಪ್ಪ, ಹಾಲಿನ ಡೈರಿಗಳಿಗೆ ನಾವು ಬರೆದ ಕೋಡನ್ನು ಇವತ್ತು ಹೊಸ ಟೂಲ್ ಒಂದು ಓದಿ, ಓರಣ ಮಾಡಿ, ವಾಪಸ್ ಬರೆದುಕೊಟ್ಟಿತು. ಕೋಡಿನ ಭಾಷೆಯ ಒಂದಕ್ಷರಾನೂ ಬಿಡಲ್ಲ ಅಂತ ಅದರ ಜಂಬ. ಒಂದು ಕಡೆ ಎರಡು ಸೆಕೆಂಡು ಸುಮ್ಮನೆ ಕಾಯೋ ಸಾಲಿತ್ತು. ದಂಡ ಅಂತ ಅಳಿಸೋಕೆ ಹೋದೆ. ನಮ್ಮ ಆಫೀಸಿನ ಹಿರಿಯರು ಪುಟ್ಟಸ್ವಾಮಣ್ಣ ತಡೆದರು.

"ಕೋಡಿಹಳ್ಳಿ ಕಡೆ ತಕ್ಕಡಿ ಹಳೇವು, ತೂಕ ನಿಲ್ಲೋಕೆ ಒಸಿ ಹೊತ್ತು ಬೇಕು ಅಂತ ಪಕ್ಕದಲ್ಲೇ ಕಾಮೆಂಟ್ ಬರ್ದಿದ್ನಲ್ಲ."

ನೋಡಿದರೆ, ಟೂಲ್ ಕೊಟ್ಟಿದ್ದರಲ್ಲಿ ನಾವು ಕೋಡಿನ ಪಕ್ಕ ಬರೆದಿಟ್ಟ ಟಿಪ್ಪಣಿ, ಅಂದ್ರೆ ಕಾಮೆಂಟ್, ಒಂದೂ ಉಳಿದಿಲ್ಲ.

"ಮಿಷನ್‌ಗೆ ಅದು ಲೆಕ್ಕಕ್ಕಿಲ್ಲ ಅಣ್ಣ," ಅಂದೆ.

"ಮಿಷನ್‌ಗೆ ಯಾರ್ ಬರ್ದ್ರು? ನಿಂಗ್ ಬರ್ದಿದ್ದು ಕಣವ್ವ."

ಹಳೇ ಕಾಪಿ ಇತ್ತು, ಬಚಾವಾದೆ. ಅದರ ಮೊದಲ ಸಾಲಲ್ಲೇ ಆ ಟೂಲನ್ನು ಚೆನ್ನಾಗಿ ಬೈದು ಒಂದು ಕಾಮೆಂಟ್ ಹಾಕಿದೀನಿ. ಟೂಲಂತೂ ಕಾಮೆಂಟ್ ಓದಲ್ಲ, ಧೈರ್ಯವಾಗಿ ಬೈದಿದೀನಿ.