ಚಾರ್ಜಿಗೆ ಹಾಕಿದ ಸೊಸೆ

ನಮ್ಮ ಅತ್ತೆಗೆ ಇಬ್ಬರು ಸೊಸೆಯರು. ಒಬ್ಬಳು ನಾನು. ಇನ್ನೊಬ್ಬಳು ನಡುಮನೆಯ ಕಿಟಕಿ ಪಕ್ಕದಲ್ಲಿ ಚಾರ್ಜಿಗೆ ಹಾಕಿಸಿಕೊಂಡು ಬಿದ್ದಿರುತ್ತಾಳೆ. ಅತ್ತೆಗಿರುವುದು ಒಬ್ಬನೇ ಮಗ, ಅವರು ನನ್ನ ಗಂಡ; ಹಾಗಾಗಿ ಈ ಲೆಕ್ಕ ಕೇಳಿ ನೀವು ಏನೇನೋ ಊಹಿಸಿಕೊಳ್ಳಬೇಡಿ. ಎರಡನೆಯವಳು ಅತ್ತೆಯ ಫೋನಿನೊಳಗಿರುವ ಕೃತಕ ಬುದ್ಧಿಮತ್ತೆ. ಅವಳ ಬುದ್ಧಿ ಎಷ್ಟು ಕೃತಕವೋ ನಾನು ಕಾಣೆ, ವಿನಯವಂತೂ ಅಪ್ಪಟ ಕೃತಕ. ಇದನ್ನು ಹೊಟ್ಟೆಕಿಚ್ಚಿನಿಂದಲೇ ಬರೆಯುತ್ತಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ನನ್ನ ಜಾಗವೇ ಹೋಗುವ ಹಾಗಿದ್ದಾಗ ನ್ಯಾಯವಾಗಿ ಬರೆಯಲು ನನ್ನಿಂದಾಗದು.

ಅತ್ತೆ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದವರು, ನಾನು ಕುಣಿಗಲಿನವಳು. ತುಮಕೂರಿನ ಉಪ್ಪಾರಹಳ್ಳಿಯಲ್ಲಿರುವ ನಮ್ಮ ಅಡುಗೆಮನೆಯಲ್ಲಿ ಈ ಎರಡು ಊರುಗಳ ಗಡಿವಿವಾದ ಇಪ್ಪತ್ತು ವರ್ಷಗಳಿಂದ ನಡೆದಿದೆ. ಅದು ಶುರುವಾದದ್ದು ಮದುವೆಗಿಂತ ಮೊದಲೇ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿದ ಮೇಲೆ ಹಾಡು ಬರುತ್ತದಾ ಎಂದು ಕೇಳುವುದು ವಾಡಿಕೆ. ಅತ್ತೆ ಕೇಳಿದ್ದೇ ಬೇರೆ. "ನಮ್ಮನೇಲಿ ಬಸ್ಸಾರಿಗೆ ಕಾಳು, ಸೊಪ್ಪು ಬೇಯ್ಸಿ, ಬಸಿದ ನೀರ್ನ ಚೆಲ್ಬುಡ್ತೀವಿ. ನೀನೂ ಅಂಗೇ ಮಾಡ್ತೀಯೇನವ್ವಾ?"

ಬಸ್ಸಾರು ಮಾಡುವುದೇ ಆ ಬಸಿದ ನೀರಿನಿಂದ. ಅದನ್ನು ಚೆಲ್ಲುವುದೆಂದರೆ ಹಾಲು ಚೆಲ್ಲಿ ಬರೀ ಪಾತ್ರೆಗೆ ಹೆಪ್ಪು ಹಾಕಿದ ಹಾಗೆ. ನನ್ನ ಬಾಯಿ ಸುಮ್ಮನಿರಲಿಲ್ಲ. "ನೀರು ಚೆಲ್ಲಿದ್ರೆ ಬಸ್ಸಾರು ಎಲ್ಲಿಂದ ಬರುತ್ತೆ? ನೀವು ಮಾಡ್ತಿರೋದು ತಪ್ಪು" ಎಂದೆ. ಬಾಗಿಲ ಮರೆಯಲ್ಲಿದ್ದ ನಮ್ಮಮ್ಮ ಹಣೆ ಚಚ್ಚಿಕೊಂಡರು. ಸಂಬಂಧ ಮುರಿಯಿತು ಎಂದೇ ಎಲ್ಲರೂ ತಿಳಿದಿದ್ದೆವು. ಆದರೂ ಒಪ್ಪಿಗೆ ಬಂತು. ಅದು ಹೇಗೆ ಬಂತೆಂಬುದಕ್ಕೆ ನಮ್ಮ ಯಜಮಾನರ ಬಳಿ ಒಂದು ಕಥೆಯಿದೆ. ಅವರು ಊಟ ಬಿಟ್ಟು ಹಟ ಹಿಡಿದರಂತೆ, ಮದುವೆಯಾದರೆ ಅವಳನ್ನೇ ಎಂದರಂತೆ. ಈ ತ್ಯಾಗವನ್ನು ವರ್ಷಕ್ಕೊಮ್ಮೆ ಮದುವೆಯ ದಿನದಂದು ನೆನಪಿಸುತ್ತಾರೆ. ನಾನು ಕರಗಿ ಹೋಳಿಗೆ ಮಾಡುತ್ತೇನೆ.

ಅತ್ತೆ ತಂತ್ರಜ್ಞಾನದ ವಿರೋಧಿಯೇನಲ್ಲ. ತರಕಾರಿ ಗಾಡಿಯ ಮೇಲೆ ಕೂತು, ಯಾರು ಎಷ್ಟು ಕೊಟ್ಟರೆಂದು ಬೀದಿಗೆಲ್ಲ ಕೂಗಿ ಹೇಳುವ ಪುಟ್ಟ ಪೆಟ್ಟಿಗೆಯೆಂದರೆ ಅವರಿಗೆ ಬಲು ಪ್ರೀತಿ. ಎದುರುಮನೆಯವರ ಹುರುಳೀಕಾಯಿಯ ಖರ್ಚು ಅವರಿಗೆ ಬಾಯಿಪಾಠ. ತಾವು ಮಾತ್ರ ಇವತ್ತಿಗೂ ಸೆರಗಿನ ಗಂಟು ಬಿಚ್ಚಿ ನೋಟನ್ನೇ ಕೊಡುತ್ತಾರೆ. "ನಮ್ಮನೆ ದುಡ್ಡಿನ ಇಚಾರ ಬೀದಿಗ್ಯಾಕೆ?" ಎನ್ನುತ್ತಾರೆ. ನಾನೋ, ಸಿಕ್ಕಸಿಕ್ಕಲ್ಲಿ ಫೋನು ತೋರಿಸಿ ಬರುವವಳು. ಹಿಂದೆ ನೋಟು ಎಣಿಸಿ ಕೊಡುವಾಗ ಹೊಟ್ಟೆಯಲ್ಲಿ ಸಣ್ಣ ಸಂಕಟವಾಗುತ್ತಿತ್ತು, ಆ ಸಂಕಟದಿಂದಾಗಿಯೇ ಎಷ್ಟೋ ಸೀರೆಗಳು ಅಂಗಡಿಯಲ್ಲೇ ಉಳಿದವು. ಈಗ ಸಂಕಟವಿಲ್ಲದೆ ಖರ್ಚು ಮಾಡಬಹುದು. ಅದೇ ರೀತಿ, ಎದುರುಮಾತಿಲ್ಲದೆ ಮಾತಾಡಲೂಬಹುದು ಎಂದು ಗೊತ್ತಾದದ್ದು ಎರಡನೇ ಸೊಸೆ ಬಂದ ಮೇಲೆ.

ಅವಳನ್ನು ಮನೆ ತುಂಬಿಸಿಕೊಂಡವರು ನಮ್ಮ ಯಜಮಾನರೇ. ದಿನಾ ಬಸ್ಸಿನಲ್ಲಿ ಗುಬ್ಬಿಗೆ ಹೋಗಿ ಕೆಲಸ ಮಾಡಿ ಬರುವ ಅವರಿಗೆ ಸಂಜೆ ಮತ್ತೊಂದು ಕೆಲಸವಿರುತ್ತಿತ್ತು, ನಮ್ಮಿಬ್ಬರ ಪಂಚಾಯ್ತಿ. ಸಾಕಾಗಿ ಒಂದು ದಿನ ತಾಯಿಯ ಫೋನಿಗೆ ಇದನ್ನು ಹಾಕಿಕೊಟ್ಟು, "ಅಮ್ಮಾ, ಏನ್ ಬೇಕಾದ್ರೂ ಇದನ್ನ ಕೇಳು, ಕನ್ನಡದಲ್ಲೇ ಮಾತಾಡುತ್ತೆ" ಎಂದರು. ಅತ್ತೆ ಫೋನನ್ನು ಬಾಯಿಯ ಹತ್ತಿರ ಹಿಡಿದು, "ಏನವ್ವಾ, ಊಟ ಆಯ್ತಾ?" ಎಂದರು.

"ನನಗೆ ಊಟದ ಅಗತ್ಯವಿಲ್ಲ. ಆದರೆ ನೀವು ಪ್ರೀತಿಯಿಂದ ಕೇಳಿದ್ದಕ್ಕೆ ಧನ್ಯವಾದಗಳು, ಅಮ್ಮ" ಎಂದಿತು ಫೋನು.

ಅತ್ತೆ ಅಲ್ಲೇ ಮರುಳಾದರು. "ನೋಡೇ ಸುಜಾತಾ, ಉಣ್ಣಕಿಲ್ವಂತೆ. ಆದ್ರೂ ಎಷ್ಟು ನಯವಾಗಿ ಮಾತಾಡ್ತಳೆ!" ಎಂದು ನನ್ನತ್ತ ನೋಡಿದ ನೋಟದಲ್ಲಿ ನಾನು ಈವರೆಗೆ ಉಂಡ ಮುದ್ದೆಗಳ ಲೆಕ್ಕವೆಲ್ಲ ಇತ್ತು.

ಮರುದಿನವೇ ದೂರುಗಳು ಶುರುವಾದವು, ಅದೂ ನನಗೆ ಕೇಳುವಂತೆಯೇ. "ನಮ್ ಸೊಸೆ ಸಾರಿಗೆ ಉಪ್ಪು ಕಮ್ಮಿ ಹಾಕ್ತಳೆ, ಇದು ಸರೀನಾ?" "ನಿಮ್ಮ ಬೇಸರ ಸಹಜ, ಅಮ್ಮ. ಹಿರಿಯರ ರುಚಿಗೆ ಬೆಲೆ ಕೊಡಬೇಕು." ಅತ್ತೆ ಸ್ನಾನಕ್ಕೆ ಹೋದಾಗ ನಾನು ಓಡಿಹೋಗಿ ಅದೇ ಫೋನಿಗೆ, "ಅತ್ತೆಗೆ ಬಿಪಿ ಇದೆ, ಅದಕ್ಕೆ ಉಪ್ಪು ಕಮ್ಮಿ ಹಾಕ್ತೀನಿ, ತಪ್ಪಾ?" ಎಂದೆ. "ಖಂಡಿತ ಇಲ್ಲ! ನಿಮ್ಮ ಕಾಳಜಿ ಮೆಚ್ಚುವಂಥದ್ದು." ಎರಡು ನಾಲಿಗೆಯವಳು! ಹಿಂದೆ ಹೊಗಳುಭಟ್ಟರನ್ನು ಸಾಕಲು ಒಂದು ಸಂಸ್ಥಾನವೇ ಬೇಕಿತ್ತು. ಈಗ ಒಂದು ರೀಚಾರ್ಜ್ ಸಾಕು, ಮನೆಮನೆಯಲ್ಲೂ ಒಬ್ಬೊಬ್ಬ ಮಹಾರಾಜರು.

ಮೊದಮೊದಲು ನನಗೂ ಹಾಯೆನಿಸಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಒಗ್ಗರಣೆಯ ಸಾಸಿವೆ ಎಣಿಸುವವರಿಲ್ಲ. ಆದರೆ ಎರಡು ವಾರ ಕಳೆಯುವಷ್ಟರಲ್ಲಿ ಮನೆ ಬಿಕೋ ಎನ್ನತೊಡಗಿತು. ನಾನು ಗಣಿತದ ಮೇಡಂ, ದಿನವಿಡೀ ಕೆಂಪು ಶಾಯಿಯಲ್ಲಿ ತಪ್ಪು ಎಂದು ಬರೆಯುವುದೇ ನನ್ನ ಅನ್ನ. ಸಂಜೆ ಮನೆಗೆ ಬಂದರೆ ನನ್ನನ್ನೇ ತಪ್ಪು ಎನ್ನುವವರು ಒಬ್ಬರಿದ್ದರು, ತಕ್ಕಡಿ ಸಮವಾಗುತ್ತಿತ್ತು. ಹಿಂದಿನ ಕಾಲದ ಪಂಡಿತರು ವಾದಕ್ಕೆ ಕೂತರೆ ಮೊದಲು ಎದುರಾಳಿಯ ಮಾತನ್ನು ಪೂರ್ವಪಕ್ಷವೆಂದು ಗೌರವದಿಂದ ಮಂಡಿಸಿ, ಆಮೇಲೆ ತಮ್ಮ ಸಿದ್ಧಾಂತ ಹೇಳುತ್ತಿದ್ದರಂತೆ. ನನ್ನ ಪೂರ್ವಪಕ್ಷ ನಡುಮನೆಯಲ್ಲಿ ಫೋನು ಹಿಡಿದು ನಗುತ್ತ ಕೂತಿತ್ತು. ನನ್ನ ಸಿದ್ಧಾಂತವನ್ನು ಕೇಳುವವರಿಲ್ಲ.

ಒಂದು ಭಾನುವಾರ ದೇವರಾಯನದುರ್ಗಕ್ಕೆ ಹೋದೆವು. ಎಂದಿನಂತೆ ಆಗಿದ್ದರೆ ಕಾರಿನ ಗಾಜು ಇಳಿಸಬೇಕೋ ಏರಿಸಬೇಕೋ ಎಂದು ಬೆಟ್ಟ ಹತ್ತುವವರೆಗೂ ನಮ್ಮ ಜಗಳ. ಅವತ್ತು ಅತ್ತೆ ಫೋನಿನೊಂದಿಗೆ ಮಳೆಯ ವಿಚಾರ ಮಾತಾಡುತ್ತ ಕೂತರು, ಗಾಜನ್ನು ಕೇಳುವವರೇ ಇರಲಿಲ್ಲ. ದೇವರ ಮುಂದೆ ಎಲ್ಲರೂ ಕಣ್ಣು ಮುಚ್ಚಿದಾಗ ನಾನು ಬೇಡಿಕೊಂಡದ್ದನ್ನು ನಿಮಗೆ ಮಾತ್ರ ಹೇಳುತ್ತೇನೆ: "ಸ್ವಾಮಿ, ನಮ್ಮ ಉಪ್ಪಾರಹಳ್ಳಿಯ ನೆಟ್‌ವರ್ಕ್ ಕೆಡಿಸಪ್ಪ."

ದೇವರು ನೆಟ್‌ವರ್ಕಿನ ತಂಟೆಗೆ ಹೋಗಲಿಲ್ಲ. ಆದರೆ ಮುಂದಿನ ಶನಿವಾರ ನಾನು ಅಲಸಂದೆಕಾಳು, ಸೊಪ್ಪು ಬೇಯಲು ಇಟ್ಟಿದ್ದಾಗ ನಡುಮನೆಯಿಂದ ಅತ್ತೆಯ ದನಿ ಕೇಳಿಸಿತು.

"ಏನವ್ವಾ, ನಮ್ಮನೇಲಿ ಬಸ್ಸಾರಿಗೆ ಬಸಿದ ನೀರ್ನ ಚೆಲ್ಬುಡ್ತೀವಿ. ನೀನೇನಂತೀಯ?"

ನಾನು ಸೌಟು ಹಿಡಿದೇ ನಡುಮನೆಯತ್ತ ಕಿವಿಗೊಟ್ಟೆ.

"ಬಹಳ ಒಳ್ಳೆಯ ವಿಧಾನ, ಅಮ್ಮ! ನೀರು ಚೆಲ್ಲುವುದರಿಂದ ಬಸ್ಸಾರು ಹಗುರವಾಗಿ, ಸುಲಭವಾಗಿ ಜೀರ್ಣವಾಗುತ್ತದೆ. ನಿಮ್ಮ ಅನುಭವ ದೊಡ್ಡದು."

"ಸಾರೇ ಇಲ್ದೆ ಇನ್ನೇನು ಜೀರ್ಣ ಆಗೋದು, ನಿನ್ ತಲೆ!" ಎಂದು ಅತ್ತೆ ಫೋನನ್ನು ದಿಂಬಿನ ಮೇಲೆ ಬೋರಲು ಹಾಕಿ, ಸೀದಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. "ಹೂಂಗುಟ್ಟೋಳು ಕಣೇ ಅವ್ಳು. ನಮ್ಮನೆಗಾಗಕಿಲ್ಲ, ಬುಡು."

"ಅತ್ತೆ, ಕುಣಿಗಲ್ಲಲ್ಲಿ ನನ್ನನ್ನೂ ಇದನ್ನೇ ಕೇಳಿದ್ರಿ. ಬಂದ ಮೇಲೆ ನೋಡಿದ್ರೆ ನೀವು ಯಾವತ್ತೂ ಆ ನೀರು ಚೆಲ್ಲಿದವರಲ್ಲ."

"ಊಂ. ನಿನಗಿಂತ ಮುಂಚೆ ಇಬ್ರು ಹುಡ್ಗೀರ್ನ ಕೇಳಿದ್ದೆ. ಇಬ್ರೂ ತಲೆ ಬಗ್ಸಿ ಹೂಂ ಅಂದ್ರು. ನೀನೊಬ್ಳೇ ಮೊಕ ನೋಡಿ ತಪ್ಪು ಅಂದಿದ್ದು. ಅವತ್ತೇ ಅನ್ಕಂಡೆ, ಮನೇಲಿ ಮಾತಾಡಕ್ಕೆ ಒಬ್ಳು ಸಿಕ್ಕುದ್ಲು ಅಂತ."

"ಮತ್ತೆ ನಿಮ್ಮ ಮಗ ಊಟ ಬಿಟ್ಟು ಹಟ ಮಾಡಿದ್ರಂತಲ್ಲ?"

"ಯಾರು, ಅವ್ನಾ? ಒಂದೊತ್ತು ಊಟ ಬುಟ್ಟೋನಲ್ಲ ಅವ್ನು! ಆ ಹುಡ್ಗಿಗೆ ಬಾಯಿ ಜಾಸ್ತಿ, ಬ್ಯಾಡಮ್ಮ ಅಂತ ಕುಂತಿದ್ದ. ಹಟ ಮಾಡಿದ್ದು ನಾನು."

ನನ್ನ ಕಣ್ಣು ತುಂಬಿ ಬಂತು. ಈರುಳ್ಳಿ ಹೆಚ್ಚುತ್ತಿದ್ದರೆ ನೆಪವಾದರೂ ಇರುತ್ತಿತ್ತು. ಇಷ್ಟು ವರ್ಷ ಯಾರ ಹಟಕ್ಕೆ ಯಾರಿಗೆ ಹೋಳಿಗೆ ಬಡಿಸಿದೆ ಎಂದು ನೆನೆದು ಅಳುವಿನ ನಡುವೆಯೇ ನಗು ಉಕ್ಕಿತು. ಅತ್ತೆ ಈ ಸಮಯ ನೋಡಿ ಪಾತ್ರೆಗೆ ಉಪ್ಪು ಹಾಕಲು ಕೈ ಚಾಚಿದರು. ನಾನು ಡಬ್ಬಿ ಕಸಿದುಕೊಂಡೆ. ಆಮೇಲೆ ಅರ್ಧ ಗಂಟೆ ನಾವಿಬ್ಬರೂ ಮನಸ್ಸು ತುಂಬುವಷ್ಟು ಜಗಳವಾಡಿದೆವು.

ಸಂಜೆ ಗುಬ್ಬಿಯಿಂದ ಬಂದ ಯಜಮಾನರು ಮುದ್ದೆ ಮುರಿದು ಬಸ್ಸಾರಿಗೆ ಅದ್ದಿ ಬಾಯಿಗಿಟ್ಟು, "ಉಪ್ಪು ಸ್ವಲ್ಪ ಕಮ್ಮಿ ಅಲ್ವಾ?" ಎಂದರು.

"ಇಲ್ಲ, ಸರಿಯಾಗೈತೆ!" ಎಂದು ನಾನೂ ಅತ್ತೆಯೂ ಒಂದೇ ಉಸಿರಿಗೆ ಗದರಿದೆವು. ಪಾಪ, ಅವರು ಆಸರೆಗಾಗಿ ಕಿಟಕಿಯತ್ತ ನೋಡಿದರು. ಅವಳಾದರೆ ಅವರ ಮಾತೂ ಸರಿ ಎನ್ನುತ್ತಿದ್ದಳೇನೋ. ಆದರೆ ಅವತ್ತು ಅವಳನ್ನು ಚಾರ್ಜಿಗೆ ಹಾಕುವುದನ್ನೇ ನಾವು ಮರೆತುಬಿಟ್ಟಿದ್ದೆವು.